ಲಾವಂಚದ ಬೇರು ಮಣ್ಣಿಗೋ, ಭಟ್ಟಿಗೋ?

ಗುಂಡ್ಲುಪೇಟೆ ಸೀಮೆಯ ಹೊಲಗಳಲ್ಲಿ ಎಲ್ಲೆ ಗುರುತಿಸಲು ಬಾಂದುಕಲ್ಲಿನ ಜತೆಗೆ ಲಾವಂಚದ ಸಾಲೂ ಇರುತ್ತಿತ್ತು. ಕಲ್ಲನ್ನು ರಾತ್ರೋರಾತ್ರಿ ಕಿತ್ತು ಒಂದು ಮಾರು ಆಚೆಗೆ ಹೂಳಬಹುದು. ಮಣ್ಣಿನ ಬದುವನ್ನು ವರ್ಷಕ್ಕೊಂದು ನೇಗಿಲ ಸಾಲಿನಂತೆ ಕೆರೆಯುತ್ತಾ ಹೋದರೆ ಹತ್ತು ವರ್ಷದಲ್ಲಿ ಅದೂ ಪಕ್ಕದವನ ಹೊಲದೊಳಗೆ ಸರಿದಿರುತ್ತದೆ. ಲಾವಂಚ ಹಾಗೆ ಸರಿಯುವ ಪೈಕಿ ಅಲ್ಲ. ಗರಿಕೆಯಂತೆ ಹಬ್ಬುವುದಿಲ್ಲ, ಜೇಕಿನಂತೆ ನೆಲದೊಳಗೆ ತೆವಳಿ ಇನ್ನೆಲ್ಲೋ ತಲೆ ಎತ್ತುವುದಿಲ್ಲ. ನಮ್ಮ ದಕ್ಷಿಣದ ಲಾವಂಚ ಮೊಳೆಯುವ ಬೀಜವನ್ನೂ ಹೆಚ್ಚಾಗಿ ಕಟ್ಟುವುದಿಲ್ಲ. ಅಪ್ಪ ನೆಟ್ಟ ಬುಡ ಮಗನ ಕಾಲಕ್ಕೆ ಇನ್ನಷ್ಟು ದಪ್ಪವಾಗಿರುತ್ತದೆ, ನಿಂತ ಜಾಗ ಮಾತ್ರ ಅದೇ. ನೂರು ವರ್ಷಕ್ಕೂ ಹಿಂದಿನಿಂದ ಆ ಸೀಮೆಯ ರೈತರು ಈ ಹುಲ್ಲನ್ನು ಬದುವಿಗೆ ಹಾಕಿಕೊಂಡು ಬಂದಿದ್ದಾರೆ.

1980ರ ದಶಕದಲ್ಲಿ ವಿಶ್ವಬ್ಯಾಂಕಿನ ಇಬ್ಬರು ಕೃಷಿತಜ್ಞರು, ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ, ಭಾರತದ ಖುಷ್ಕಿ ಭೂಮಿಯಲ್ಲಿ ಮಣ್ಣು ಕೊಚ್ಚಿ ಹೋಗದಂತೆ ತಡೆಯುವ ಅಗ್ಗದ ದಾರಿಯೊಂದನ್ನು ಹುಡುಕುತ್ತಿದ್ದರು. ಗ್ರೀನ್‌ಫೀಲ್ಡ್ 1950ರ ದಶಕದಲ್ಲಿ ಫಿಜಿ ದ್ವೀಪದ ಇಳಿಜಾರು ಕಬ್ಬಿನ ಹೊಲಗಳಲ್ಲಿ ಲಾವಂಚದ ಸಾಲು ನೆಡಿಸಿ ಅದರ ಗುಣ ಕಂಡಿದ್ದವರು. ಆಗ ವಿಶ್ವಬ್ಯಾಂಕಿನ ನೆರವಿನಲ್ಲಿ ಕನಕಪುರ ಕಡೆಯ ಕಬ್ಬಾಳನಾಲಾ ಪ್ರದೇಶದಲ್ಲಿ ಜಲಾನಯನದ ಪ್ರಯೋಗ ನಡೆಯುತ್ತಿತ್ತು. ಫಿಜಿಯಿಂದ ಹೊತ್ತು ತಂದ ಪಾಠವನ್ನು ಇಲ್ಲಿ ಹೇಳಿಕೊಡಬೇಕೆಂದಿದ್ದವರಿಗೆ, ಅದೇ ವಿದ್ಯೆ ಗುಂಡ್ಲುಪೇಟೆಯ ರೈತರ ಕೈಯಲ್ಲಿ ಮೊದಲೇ ಇತ್ತೆಂಬುದು ತಿಳಿಯಿತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಲಾವಂಚದ ಬಗ್ಗೆಯೇ ಒಂದು ಪುಸ್ತಕ ಹೊರತಂದಿತು. ಮೈಸೂರಿನ ಹತ್ತಿರದ ಈ ಊರಿನ ಹೆಸರು ಅದರಲ್ಲಿದೆ. ಥಾಯ್ಲೆಂಡಿನ ದೊರೆ ಭೂಮಿಬೋಲ್ ತಮ್ಮ ದೇಶದ ಗುಡ್ಡಗಳಿಗೆಲ್ಲ ಲಾವಂಚ ಹಾಕಿಸಲು ಮುಂದಾದರು. ಇಂದು ಆಫ್ರಿಕಾದಿಂದ ಚೀನಾದವರೆಗೆ ರಸ್ತೆ ಬದಿಯ ದಿಬ್ಬ, ಕಾಲುವೆಯ ದಂಡೆ, ಗಣಿಯ ಮಣ್ಣುರಾಶಿ ಕುಸಿಯದಂತೆ ಹಿಡಿಯಲು ಇದೇ ಹುಲ್ಲನ್ನು ನೆಡುತ್ತಾರೆ. ಅಲ್ಲೆಲ್ಲ ನೆಟ್ಟಿರುವುದು ಹೆಚ್ಚಾಗಿ ದಕ್ಷಿಣ ಭಾರತದ ತಳಿಯೇ.

ಔಷಧಿ ಮತ್ತು ಸುಗಂಧ ಸಸ್ಯಗಳ ಬೇಸಾಯ ಎಂದ ಕೂಡಲೇ ನಮ್ಮಲ್ಲಿ ಎಕರೆಗೆ ಎಷ್ಟು ಲಕ್ಷ ಎಂಬ ಪ್ರಶ್ನೆ ಮೊದಲು ಏಳುತ್ತದೆ. ಆ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಬದಿಗಿಟ್ಟು, ಈ ಒಂದು ಹುಲ್ಲು ಹೊಲದಲ್ಲಿ ಏನು ಕೆಲಸ ಮಾಡುತ್ತದೆ ಎಂಬುದನ್ನು ನೋಡೋಣ.

ಲಾವಂಚದ ಬೇರು ಅಡ್ಡಡ್ಡ ಹರಡುವುದು ಕಡಿಮೆ. ನೇರ ಕೆಳಗಿಳಿಯುತ್ತದೆ. ಮಣ್ಣು ಸಡಿಲವಾಗಿದ್ದರೆ ಒಂದು ವರ್ಷದಲ್ಲೇ ಮೂರು ಮೀಟರ್ ಆಳಕ್ಕೆ ಹೋದದ್ದುಂಟು. ಹಾಗಾಗಿ ಬದುವಿನ ಪಕ್ಕದಲ್ಲೇ ಇರುವ ರಾಗಿಯ ಪೈರಿಗೂ ಅದಕ್ಕೂ ನೀರಿನ ಜಗಳ ಅಷ್ಟಾಗಿ ಇಲ್ಲ. ನೆಲದ ಮೇಲೆ ಅದರ ದಂಟುಗಳು ಒತ್ತೊತ್ತಾಗಿ ನಿಂತು ಗೋಡೆಯಂತಾಗುತ್ತವೆ. ಮಳೆನೀರು ಹರಿದು ಬಂದು ಈ ಗೋಡೆಗೆ ತಾಗಿದಾಗ ನಿಂತುಬಿಡುವುದಿಲ್ಲ; ವೇಗ ಕಳೆದುಕೊಂಡು ದಂಟುಗಳ ನಡುವೆ ನಿಧಾನವಾಗಿ ಜಿನುಗಿ ಮುಂದಕ್ಕೆ ಸಾಗುತ್ತದೆ. ವೇಗ ತಗ್ಗಿದ ನೀರು ಮಣ್ಣನ್ನು ಹೊರಲಾರದು. ಹೊತ್ತು ತಂದದ್ದನ್ನು ಸಾಲಿನ ಮೇಲ್ಬದಿಯಲ್ಲೇ ಇಳಿಸಿ ಹೋಗುತ್ತದೆ. ಹೀಗೆ ಒಂದೊಂದು ಮಳೆಗೂ ತೆಳುವಾಗಿ ಮಣ್ಣು ಕೂತು, ಕೆಲವು ವರ್ಷಗಳಲ್ಲಿ ಇಳಿಜಾರು ತಾನಾಗಿ ಮೆಟ್ಟಿಲಾಗುತ್ತದೆ. ಮಣ್ಣು ಬುಡವನ್ನು ಮುಚ್ಚಿದರೆ ಹುಲ್ಲು ಸಾಯುವುದಿಲ್ಲ, ಮುಚ್ಚಿದ ಗಿಣ್ಣುಗಳಿಂದ ಹೊಸ ಬೇರು ಬಿಟ್ಟು ಮೇಲೇರುತ್ತದೆ. ಕಟ್ಟಿದ ದಿನದಿಂದ ಸವೆಯುತ್ತಲೇ ಹೋಗುವ ಮಣ್ಣಿನ ಬದುವಿಗೂ ದಿನ ಕಳೆದಂತೆ ಎತ್ತರವಾಗುವ ಈ ಜೀವಂತ ಬದುವಿಗೂ ಇರುವ ವ್ಯತ್ಯಾಸ ಇದೇ.

ಬರೀ ಮಣ್ಣಿನ ಬದುವಿಗೆ ಇನ್ನೊಂದು ತೊಂದರೆಯಿದೆ. ಅದು ನೀರನ್ನು ಪೂರ್ತಿ ತಡೆದು ಒಂದು ಮೂಲೆಗೆ ತಿರುಗಿಸುತ್ತದೆ. ಜೋರು ಮಳೆಗೆ ಆ ಮೂಲೆ ಒಡೆದರೆ ಹೊಲದ ಅಷ್ಟೂ ನೀರು ಅಲ್ಲಿಂದಲೇ ನುಗ್ಗಿ ಕೊರಕಲು ಬೀಳುತ್ತದೆ. ಒಂದೆರಡು ವರ್ಷ ದುರಸ್ತಿ ಮಾಡದೆ ಬಿಟ್ಟ ಬದುಗಳ ಹೊಲ ನೋಡಿದವರಿಗೆ ಇದು ಗೊತ್ತು. ಬದು ಕಟ್ಟುವುದು ತಪ್ಪು ಎಂದು ನಾನು ಹೇಳುತ್ತಿಲ್ಲ. ಕಟ್ಟಿದ ಬದುವಿಗೆ ಬೇರು ಕೊಡದೆ ಬಿಡುವುದು ತಪ್ಪು.

ಬಯಲುಸೀಮೆಯ ನಮ್ಮ ಕೆಂಪು ಮಣ್ಣಿಗೆ ಈ ಕಾವಲು ಬೇಕೇ ಬೇಕು. ನಮ್ಮಲ್ಲಿ ಮಳೆ ಹಂಚಿ ಬೀಳುವುದಿಲ್ಲ. ಉತ್ತು ಹದ ಮಾಡಿದ ಹೊಲದ ಮೇಲೆ, ಪೈರು ಇನ್ನೂ ನೆಲ ಮುಚ್ಚದಿರುವಾಗ, ಗುಡುಗಿನ ಜತೆ ಒಂದೇ ಗಂಟೆಯಲ್ಲಿ ಸುರಿದು ಹೋಗುತ್ತದೆ. ಹಳ್ಳದಲ್ಲಿ ಹರಿಯುವ ಆ ಕೆಂಪು ನೀರಿನಲ್ಲಿ ಹೋಗುತ್ತಿರುವುದು ಕೊಟ್ಟಿಗೆ ಗೊಬ್ಬರ ಬಿದ್ದ, ಎರೆಹುಳ ಉತ್ತ, ಬೇರುಗಳು ಆಡುವ ಮೇಲ್ಮಣ್ಣು. ಅಷ್ಟು ಮಣ್ಣು ಕಲ್ಲಿನಿಂದ ಹುಟ್ಟಿ ಬರಲು ಶತಮಾನಗಳು ಬೇಕು. ಕೊಚ್ಚಿಹೋದದ್ದು ಕೆರೆಗೆ ಸೇರಿ ಹೂಳಾಗುತ್ತದೆ. ಹೊಲ ಬಡವಾಗುವುದೂ ಕೆರೆ ತುಂಬುವುದೂ ಒಂದೇ ಮಳೆಯಲ್ಲಿ ನಡೆಯುವ ಎರಡು ನಷ್ಟ. ಆಮೇಲೆ ಹೂಳೆತ್ತುವ ಯೋಜನೆಗೆ ಹಣ ಹುಡುಕುತ್ತೇವೆ.

ಇಷ್ಟಾಗಿ ನಮ್ಮ ಮನೆಗಳಲ್ಲಿ ಲಾವಂಚ ಎಂದರೆ ನೆನಪಾಗುವುದು ಬದು ಅಲ್ಲ, ಪರಿಮಳ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ತಳದಲ್ಲಿ ಒಂದು ಹಿಡಿ ಬೇರಿನ ಕಟ್ಟು, ಬಟ್ಟೆಯ ಪೆಟ್ಟಿಗೆಯಲ್ಲಿ ಒಣಬೇರಿನ ಪುಟ್ಟ ಗಂಟು, ಕಿಟಕಿಗೆ ಕಟ್ಟಿ ನೀರು ಚಿಮುಕಿಸುವ ಲಾವಂಚದ ತಟ್ಟಿ, ಬೀಸಣಿಗೆ, ಟೋಪಿ. ಮುಡಿವಾಳ ಎಂಬ ಹೆಸರೂ ಇದಕ್ಕಿದೆ. ಆಯುರ್ವೇದದವರು ಉಶೀರ ಎನ್ನುತ್ತಾರೆ. ದೇಹದ ಉಷ್ಣ ತಗ್ಗಿಸಲು ಕೊಡುವ ಉಶೀರಾಸವದಲ್ಲಿ ಮುಖ್ಯವಾದದ್ದು ಇದೇ ಬೇರು. ಬೇರಿನಿಂದ ಇಳಿಸಿದ ಎಣ್ಣೆ ಗಾಢ, ಮಂದ, ಬೇಗ ಆರದಂಥದು. ಸುಗಂಧದ್ರವ್ಯ ತಯಾರಿಸುವವರಿಗೆ ಅದು ಬೇಕಾಗುವುದು ಆ ಗುಣಕ್ಕಾಗಿಯೇ. ಮಲ್ಲಿಗೆ, ಗುಲಾಬಿಯಂಥ ಹಗುರ ಪರಿಮಳಗಳು ಬೇಗ ಹಾರಿಹೋಗದಂತೆ ಲಾವಂಚದ ಎಣ್ಣೆ ಹಿಡಿದಿಡುತ್ತದೆ. ಮಣ್ಣನ್ನು ಹಿಡಿದಿಡುವ ಬೇರಿನ ಎಣ್ಣೆಗೆ ಪರಿಮಳವನ್ನು ಹಿಡಿದಿಡುವ ಗುಣವೂ ಇರುವುದು ನನಗೆ ಯಾವಾಗಲೂ ಬೆರಗಿನ ವಿಷಯ.

ತೊಡಕು ಶುರುವಾಗುವುದು ಇಲ್ಲಿ. ಎಣ್ಣೆ ಇರುವುದು ಬೇರಿನಲ್ಲಿ. ಬೇರು ಬೇಕೆಂದರೆ ನೆಲ ಅಗೆಯಬೇಕು.

ನೆಟ್ಟು ವರ್ಷದಿಂದ ಒಂದೂವರೆ ವರ್ಷದೊಳಗೆ ಬೇರು ಕೀಳಲು ಬರುತ್ತದೆ. ಮಣ್ಣು ಕೊಡವಿ, ತೊಳೆದು, ಕತ್ತರಿಸಿ ಭಟ್ಟಿಗೆ ಹಾಕುತ್ತಾರೆ. ಎಣ್ಣೆಯ ಅಂಶಗಳು ಭಾರವಾದವು, ಆವಿಯೊಂದಿಗೆ ಸುಲಭಕ್ಕೆ ಮೇಲೇಳುವುದಿಲ್ಲ. ಹಾಗಾಗಿ ಒಂದು ಹಗಲು ಒಂದು ರಾತ್ರಿಯಾದರೂ ಬೆಂಕಿ ಉರಿಯುತ್ತಿರಬೇಕು. ಇಷ್ಟೆಲ್ಲ ಮಾಡಿದ ಮೇಲೆ ನೂರು ಕಿಲೋ ಒಣಬೇರಿಗೆ ಸಿಗುವುದು ಒಂದು ಕಿಲೋ ಆಸುಪಾಸು ಎಣ್ಣೆ. ಒಂದು ಹೆಕ್ಟೇರಿನ ಬೇರನ್ನೆಲ್ಲ ಕಿತ್ತರೆ ಸುಮಾರು 20 ಕಿಲೋ. ಬೆಲೆ ಒಳ್ಳೆಯದೇ. ಆದರೆ ಆ ಹೆಕ್ಟೇರಿನ ಮಣ್ಣು ಮೊಳಕಾಲುದ್ದ ಸಡಿಲಗೊಂಡು ಬೆತ್ತಲಾಗಿ ಬಿದ್ದಿರುತ್ತದೆ. ಅದು ಇಳಿಜಾರಾಗಿದ್ದರೆ, ಮುಂದಿನ ಮಳೆ ಬೇಗ ಬಂದರೆ, ಲಾವಂಚ ಇಷ್ಟು ದಿನ ಕಾಪಾಡಿದ ಮಣ್ಣನ್ನೆಲ್ಲ ಒಂದೇ ವಾರದಲ್ಲಿ ಹಳ್ಳಕ್ಕೆ ಕೊಟ್ಟಂತಾಗುತ್ತದೆ.

ಹೀಗಾದದ್ದಕ್ಕೆ ಜಗತ್ತಿನಲ್ಲಿ ದೊಡ್ಡ ಉದಾಹರಣೆಯೇ ಇದೆ. ಲಾವಂಚದ ಎಣ್ಣೆಯಲ್ಲಿ ಜಗತ್ತಿಗೆ ಮುಂದಿರುವ ದೇಶ ಕೆರಿಬಿಯನ್ ಸಮುದ್ರದ ಹೈಟಿ. ಅದರ ನೈಋತ್ಯ ಭಾಗದ ಲೆ ಕಾಯ್ ಸುತ್ತಮುತ್ತಲಿನ ಬಡ ರೈತರು ಗುಡ್ಡದ ಇಳಿಜಾರಿನಲ್ಲಿ ಲಾವಂಚ ಬೆಳೆಯುತ್ತಾರೆ. ಕೈ ಬರಿದಾದ ವರ್ಷ ಬಲಿಯುವ ಮೊದಲೇ ಬೇರು ಕೀಳುತ್ತಾರೆ. ಎಳೆ ಬೇರಿನಲ್ಲಿ ಎಣ್ಣೆ ಕಡಿಮೆ, ಗುಣವೂ ಕಡಿಮೆ, ಅದಕ್ಕೆ ಸಿಗುವ ಬೆಲೆಯೂ ಕಡಿಮೆ. ಮೊದಲೇ ಕಾಡು ಕಳೆದುಕೊಂಡ ಆ ಗುಡ್ಡಗಳ ಮಣ್ಣು ಅಗೆದಷ್ಟೂ ಕೆಳಗಿಳಿಯುತ್ತದೆ. ಇಂಡೊನೇಷ್ಯಾದ ಜಾವಾದಲ್ಲಿ ಬೆಟ್ಟದ ಇಳಿಜಾರುಗಳ ಲಾವಂಚ ತೋಟಗಳಿಂದಲೂ ಹೀಗೇ ಮಣ್ಣು ಹೋಗಿದೆ. ಮಣ್ಣು ಉಳಿಸುವುದಕ್ಕೆ ಹೆಸರಾದ ಹುಲ್ಲೇ ಮಣ್ಣು ಕಳೆಯುವುದಕ್ಕೂ ಕಾರಣವಾಯಿತು. ಹುಲ್ಲಿನ ದೋಷ ಇದರಲ್ಲಿ ಏನೂ ಇಲ್ಲ, ಯಾವ ಭಾಗವನ್ನು, ಎಲ್ಲಿಂದ, ಯಾವಾಗ ಕಿತ್ತೆವು ಎಂಬುದೇ ಎಲ್ಲ.

ಔಷಧಿ ಸಸ್ಯ ಸುಸ್ಥಿರವೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವ ಮರುಪ್ರಶ್ನೆ ಇದು: ಮಾರುವುದು ಎಲೆಯನ್ನೋ, ಬೇರನ್ನೋ? ಎಲೆ, ಹೂ, ಕಾಯಿ ಕೊಯ್ದರೆ ಗಿಡ ಉಳಿಯುತ್ತದೆ. ತೊಗಟೆ ಸುಲಿದರೆ ಉಳಿದರೆ ಉಳಿಯಿತು. ಬೇರು ಕಿತ್ತರೆ ಗಿಡವೂ ಹೋಯಿತು, ಅದು ಹಿಡಿದಿದ್ದ ನೆಲವೂ ಸಡಿಲಾಯಿತು. ಕಾಡಿನಲ್ಲಿ ಇದರ ಪರಿಣಾಮ ಕಣ್ಣಿಗೆ ಹೊಡೆಯುವಂತಿದೆ. ಉಪ್ಪಿನಕಾಯಿಗೆ ಹಾಕುವ ಮಾಕಳಿ ಬೇರು ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿ ಅಪರೂಪವಾಗುತ್ತಾ ಬಂದಿದೆ. ಸಕ್ಕರೆ ಕಾಯಿಲೆಗೆಂದು ಪಶ್ಚಿಮಘಟ್ಟದ ಏಕನಾಯಕದ ಬೇರನ್ನು ಬುಡಸಮೇತ ತೆಗೆಯುತ್ತಾರೆ. ರಾಷ್ಟ್ರೀಯ ಔಷಧಿ ಸಸ್ಯ ಮಂಡಳಿಗಾಗಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ದೇಶದಲ್ಲಿ 1,178 ಬಗೆಯ ಔಷಧಿ ಸಸ್ಯಗಳು ವ್ಯಾಪಾರದಲ್ಲಿವೆ. ಅವುಗಳಲ್ಲಿ 242 ಬಗೆಗಳು ವರ್ಷಕ್ಕೆ 100 ಟನ್ನಿಗೂ ಮಿಕ್ಕಿ ಮಾರಾಟವಾಗುತ್ತವೆ. ಇವುಗಳಲ್ಲಿ ಹೆಚ್ಚಿನವು ಇಂದಿಗೂ ಹೊಲದಿಂದ ಬರುವುದಿಲ್ಲ, ಕಾಡಿನಿಂದಲೇ ಬರುತ್ತವೆ. ಕಾಡಿನ ಭಾರ ಇಳಿಸಬೇಕಾದರೆ ಹೊಲದಲ್ಲಿ ಬೆಳೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಕಾಡಿನಲ್ಲಿ ಮಾಡಿದ ತಪ್ಪನ್ನೇ ಹೊಲಕ್ಕೂ ತರಬಾರದು, ಅಷ್ಟೇ.

ಎಲೆಯ ಕಡೆಗೆ ಬಂದರೆ ಮಜ್ಜಿಗೆ ಹುಲ್ಲಿನ ಲೆಕ್ಕ ನೋಡಬೇಕು. ಈ ಲೆಕ್ಕ ನನಗೆ ಅರ್ಥವಾದ ದಿನದಿಂದ ಸುಗಂಧ ಬೆಳೆಗಳನ್ನು ನೋಡುವ ನನ್ನ ದೃಷ್ಟಿಯೇ ಬದಲಾಯಿತು. ಒಂದು ಕ್ವಿಂಟಲ್ ರಾಗಿ ಮಾರಿದಾಗ ಅದರೊಳಗೆ ಒಂದು ಕಿಲೋಗೂ ಮಿಕ್ಕಿ ಸಾರಜನಕ, ಕಾಲು ಕಿಲೋಗೂ ಮಿಕ್ಕಿ ರಂಜಕ, ರಂಜಕಕ್ಕಿಂತ ತುಸು ಹೆಚ್ಚು ಕ್ಯಾಲ್ಸಿಯಂ ಹೊಲ ಬಿಟ್ಟು ಹೋಗುತ್ತವೆ. ರಾಗಿ ಮೈಗೆ ಒಳ್ಳೆಯದಾಗಿರುವುದೇ ಆ ಸಾರದಿಂದ. ಹೊಲಕ್ಕೆ ಗೊಬ್ಬರ ಹಾಕಬೇಕಾಗುವುದೂ ಅದಕ್ಕೇ. ಮಜ್ಜಿಗೆ ಹುಲ್ಲಿನ ಎಣ್ಣೆಯಲ್ಲಿ ಇವು ಯಾವುವೂ ಇಲ್ಲ. ಅದರಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ ಮೂರೇ. ಇಂಗಾಲ ಗಾಳಿಯಿಂದ ಬಂದದ್ದು, ಜಲಜನಕ ನೀರಿನಿಂದ ಬಂದದ್ದು, ಅವೆರಡನ್ನೂ ಬೆಸೆದದ್ದು ಬಿಸಿಲು. ಒಂದು ಟನ್ ಹಸಿ ಹುಲ್ಲು ಭಟ್ಟಿಗೆ ಹಾಕಿದರೆ ಐದಾರು ಕಿಲೋ ಎಣ್ಣೆ ಬರುತ್ತದೆ. ಮಣ್ಣಿನಿಂದ ಹೀರಿದ ಸಾರಜನಕ, ರಂಜಕ, ಪೊಟ್ಯಾಷ್ ಬಹುಪಾಲು ಉಳಿದ ಹುಲ್ಲಿನಲ್ಲೇ ಇರುತ್ತವೆ. ಆ ಹುಲ್ಲನ್ನು ಹೊಲಕ್ಕೆ ಹೊದಿಕೆಯಾಗಿ ಹಾಸಿದರೆ, ಇಲ್ಲವೇ ಕೊಳೆಸಿ ಗೊಬ್ಬರ ಮಾಡಿದರೆ, ರೈತ ಮಾರಿದ್ದು ಗಾಳಿ, ನೀರು, ಬಿಸಿಲನ್ನು ಮಾತ್ರ. ಮಣ್ಣಿನ ಗಂಟು ಮಣ್ಣಿನಲ್ಲೇ ಉಳಿಯಿತು. ನೆಟ್ಟ ನಾಲ್ಕೈದು ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಎರಡು ಮೂರು ತಿಂಗಳಿಗೊಮ್ಮೆ, ಹೀಗೆ ನಾಲ್ಕೈದು ವರ್ಷ ಉಳುಮೆಯೇ ಇಲ್ಲದೆ ನೆಲ ಮುಚ್ಚಿಕೊಂಡಿರುತ್ತದೆ. ಸುಸ್ಥಿರ ಕೃಷಿಯಲ್ಲಿ ಸುಗಂಧ ಸಸ್ಯದ ಪಾತ್ರವೇನು ಎಂದು ಕೇಳುವವರಿಗೆ ನನಗೆ ಗೊತ್ತಿರುವ ಅತ್ಯಂತ ಗಟ್ಟಿಯಾದ ಉತ್ತರ ಇದು.

ಆದರೆ ಉಳಿದ ಹುಲ್ಲನ್ನು ತಪ್ಪದೆ ಮಣ್ಣಿಗೇ ಕೊಡಬೇಕು. ಭಟ್ಟಿಗೆ ಉರಿ ಬೇಕು. ಸೌದೆ ದುಬಾರಿ, ಹಾಗಾಗಿ ಹಲವು ಕಡೆ ಎಣ್ಣೆ ತೆಗೆದ ಹುಲ್ಲನ್ನೇ ಒಣಗಿಸಿ ಉರಿಸುತ್ತಾರೆ. ಕಾಡಿನ ಮರ ಕಡಿದು ಉರಿಸುವುದಕ್ಕಿಂತ ಇದು ಸಾವಿರ ಪಾಲು ಮೇಲು. ಆದರೆ ಹುಲ್ಲನ್ನು ಉರಿಸಿದಾಗ ಸಾರಜನಕ ಹೊಗೆಯಲ್ಲಿ ಹೋಗುತ್ತದೆ, ಪೊಟ್ಯಾಷ್ ಮತ್ತು ರಂಜಕ ಬೂದಿಯಲ್ಲಿ ಉಳಿಯುತ್ತವೆ. ಬೂದಿಯನ್ನಾದರೂ ಹೊಲಕ್ಕೆ ಹಾಕಿ, ಸಾರಜನಕಕ್ಕೆ ಅವರೆ, ಹುರುಳಿ, ಅಲಸಂದೆಯಂಥ ದ್ವಿದಳ ಧಾನ್ಯವನ್ನು ಪಕ್ಕದಲ್ಲಿ ಬೆಳೆಯುವುದು ನ್ಯಾಯ.

ಲಾವಂಚಕ್ಕೂ ಬೇರು ಕೀಳದೆ ಸಿಗುವ ಫಲ ಕಡಿಮೆಯೇನಲ್ಲ. ವರ್ಷಕ್ಕೆ ಎರಡು ಮೂರು ಸಲ ಮೊಳದೆತ್ತರಕ್ಕೆ ಸವರಿದರೆ ಬುಡ ಇನ್ನಷ್ಟು ಒಡೆಯುತ್ತದೆ, ಸಾಲು ದಟ್ಟವಾಗುತ್ತದೆ. ಸವರಿದ ಗರಿ ತೆಂಗಿನ ಪಾತಿಗೆ, ಬಾಳೆಯ ಬುಡಕ್ಕೆ ಹೊದಿಕೆ. ಕೊಟ್ಟಿಗೆಗೆ ಹಾಸು, ಗುಡಿಸಲಿಗೆ ಹೊದಿಕೆ, ಎಳೆಯ ಗರಿ ದನಕ್ಕೆ ಮೇವು. ಇನ್ನೊಂದು ಕೆಲಸ ಕಣ್ಣಿಗೆ ಕಾಣುವುದಿಲ್ಲ. ಜೋಳ, ಮೆಕ್ಕೆಜೋಳಗಳ ಕಾಂಡ ಕೊರೆಯುವ ಹುಳುವಿನ ಪತಂಗ ಲಾವಂಚದ ಎಲೆಯ ಮೇಲೆ ಮೊಟ್ಟೆಯಿಡಲು ಹೆಚ್ಚು ಇಷ್ಟಪಡುತ್ತದೆ ಎಂಬುದನ್ನು ದಕ್ಷಿಣ ಆಫ್ರಿಕಾದ ಕೀಟತಜ್ಞರು ಕಂಡುಕೊಂಡಿದ್ದಾರೆ. ಅಲ್ಲಿ ಒಡೆದ ಮರಿಗಳು ಆ ಗಿಡದ ಮೇಲೆ ಬದುಕಿ ಬೆಳೆಯುವುದಿಲ್ಲ. ಬದುವಿನ ಮೇಲಿನ ಒಂದು ಸಾಲು ಹುಲ್ಲು ಹೀಗೆ ಹುಳುಗಳಿಗೆ ಬಲೆಯೂ ಆಗುತ್ತದೆ. ನಮ್ಮ ಹೊಲಗಳ ಜೋಳವನ್ನು ಕೊರೆಯುವುದೂ ಅದೇ ಜಾತಿಯ ಹುಳು.

ಈಗ ಎಕರೆಗೆ ಎಷ್ಟು ಲಕ್ಷ ಎಂಬ ಪ್ರಶ್ನೆಗೆ ಬರಬಹುದು. ಕರ್ನಾಟಕದ ರೈತರು ಇಂಥ ಆಸೆಯ ಬೆಳೆಗಳಿಂದ ಏಟು ತಿಂದವರು. ಈ ಶತಮಾನದ ಮೊದಲ ವರ್ಷಗಳಲ್ಲಿ ಮಲೆನಾಡಿನ ತೋಟಗಳಿಗೆ ವೆನಿಲ್ಲಾ ಬಂದಾಗ ಬೆಲೆ ಮುಗಿಲು ಮುಟ್ಟಿತ್ತು. ಎಲ್ಲರೂ ಬಳ್ಳಿ ನೆಟ್ಟು ಮುಗಿಸುವ ಹೊತ್ತಿಗೆ ನೆಲ ಕಚ್ಚಿತು. ಬಯಲುಸೀಮೆಯಲ್ಲಿ ಔಷಧಿ ಗಿಡಗಳ ಸಸಿ ಮಾರಿ, ಬೆಳೆದದ್ದನ್ನೆಲ್ಲ ತಾವೇ ಕೊಳ್ಳುತ್ತೇವೆಂದು ಕಾಗದ ಬರೆದುಕೊಟ್ಟು, ಕೊಯ್ಲಿನ ಹೊತ್ತಿಗೆ ಫೋನು ಎತ್ತದವರ ಕಥೆ ಹಲವು ಊರುಗಳಲ್ಲಿ ಕೇಳಿಬಂದಿದೆ. ಸಸಿ ಮಾರಿಯೇ ಲಾಭ ಮಾಡುವವನಿಗೆ ಬೆಳೆಯ ಚಿಂತೆ ಯಾಕಿರುತ್ತದೆ? ರಾಗಿಗೆ ಕೊಳ್ಳುವವರು ಸಿಗದಿದ್ದರೆ ಮನೆಯಲ್ಲಿ ಮುದ್ದೆಯಾಗುತ್ತದೆ. ಒಂದು ಗುಡ್ಡೆ ಔಷಧಿ ಬೇರಿಗೆ ಕೊಳ್ಳುವವನಿಲ್ಲದಿದ್ದರೆ ಅದನ್ನು ಏನು ಮಾಡುವುದು?

ಆದ್ದರಿಂದ ನನ್ನ ಅಭಿಪ್ರಾಯ ಖಚಿತ. ಮಳೆ ನಂಬಿದ ಸಣ್ಣ ಹಿಡುವಳಿಯ ರೈತ ಔಷಧಿ, ಸುಗಂಧ ಸಸ್ಯಗಳನ್ನು ಮೊದಲು ಬದುವಿಗೆ, ಬೇಲಿಗೆ, ಹೊಲದ ಕೆಲಸಕ್ಕೆ ಬಾರದ ಮೂಲೆಗೆ ತರಬೇಕು. ಹೊಲದ ನಡುವಿನ ಜಾಗ ಊಟದ ಬೆಳೆಗೆ ಇರಲಿ. ರಾಗಿಯ ನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆಯ ಅಕ್ಕಡಿ ಸಾಲು ಬಿಡುವ ಪದ್ಧತಿ ಹಳೇ ಮೈಸೂರು ಸೀಮೆಯಲ್ಲಿ ಹಿಂದಿನಿಂದ ಬಂದದ್ದು. ಒಂದು ಕೈಕೊಟ್ಟರೆ ಇನ್ನೊಂದು ಎಂಬ ಆ ಲೆಕ್ಕವನ್ನು ಬದುವಿನವರೆಗೂ ಚಾಚಿದರೆ ಸಾಕು. ಬದುವಿನ ಲಾವಂಚಕ್ಕೆ ಕೊಳ್ಳುವವನು ಬಾರದಿದ್ದರೂ ಅದು ಕೂಲಿಯಿಲ್ಲದೆ ದುಡಿಯುತ್ತಲೇ ಇರುತ್ತದೆ.

ಬೇರಿನ ಎಣ್ಣೆಗೆಂದೇ ಬೆಳೆಯುವವರಿಗೆ ಬೇರೆ ಜಾಗ, ಬೇರೆ ಕ್ರಮ ಇದೆ. ತಮಿಳುನಾಡಿನ ಕಡಲೂರಿನ ಕಡಲತೀರದಂಥ ಮರಳು ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ಬೇರು ಹರಿಯದೆ ಸಲೀಸಾಗಿ ಬರುತ್ತದೆ, ನೆಲ ಸಮತಟ್ಟಾದ್ದರಿಂದ ಮಣ್ಣು ಹರಿದುಹೋಗುವ ಭಯವೂ ಇಲ್ಲ. ನಮ್ಮ ಗಟ್ಟಿ ಕೆಂಪು ನೆಲದಲ್ಲಿ ಬೇರು ಅಗೆಸುವ ಕೂಲಿಯೇ ಲಾಭವನ್ನು ತಿಂದುಹಾಕುತ್ತದೆ. ಸಮತಟ್ಟಾದ ಹೊಲವಿದ್ದು ಬೆಳೆಯಲೇಬೇಕೆಂದರೆ ಲಖನೌದ ಕೇಂದ್ರೀಯ ಔಷಧಿ ಮತ್ತು ಸುಗಂಧ ಸಸ್ಯಗಳ ಸಂಸ್ಥೆ, ಅಂದರೆ ಸಿಮ್ಯಾಪ್, ಎಣ್ಣೆಗೆಂದೇ ಆರಿಸಿದ ಧಾರಿಣಿ, ಗುಲಾಬಿ, ಕೇಸರಿಯಂಥ ತಳಿಗಳಿವೆ. ಸಿಮ್ಯಾಪ್‌ನ ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೂ ಇದೆ. ಅಗೆಯುವುದಾದರೆ ಮಳೆಗಾಲ ಮುಗಿದ ಮೇಲೆ, ಡಿಸೆಂಬರಿನಿಂದ ಫೆಬ್ರುವರಿಯೊಳಗೆ. ಇಡೀ ಹೊಲವನ್ನು ಒಮ್ಮೆಗೇ ಬಗೆಯದೆ ಒಂದು ಪಟ್ಟಿ ಕಿತ್ತು ಇನ್ನೊಂದು ಪಟ್ಟಿ ಮುಂದಿನ ವರ್ಷಕ್ಕೆ ಬಿಡಬೇಕು. ಕಿತ್ತ ಬುಡದ ಮೇಲ್ಭಾಗವನ್ನು ಕತ್ತರಿಸಿ, ಗುಂಡಿ ಮುಚ್ಚಿ, ಮುಂಗಾರಿಗೆ ಮತ್ತೆ ಅಲ್ಲೇ ನೆಡಬೇಕು. ಬದುವಿನ ಸಾಲಿಗೆ ಮಾತ್ರ ಹಾರೆ ತಾಗಬಾರದು. ಎಣ್ಣೆಗೆ ಎಷ್ಟೇ ಬೆಲೆ ಬರಲಿ, ಆ ಸಾಲನ್ನು ಕೀಳುವುದು ಮನೆಯ ತೊಲೆಯನ್ನು ಸೌದೆಗೆಂದು ಮಾರಿದ ಹಾಗೆ.

ಬದುವಿಗೆ ಹಾಕುವ ಖರ್ಚು ಎಷ್ಟು ಎಂದು ಕೇಳುವವರಿಗೆ ಒಂದು ಸಣ್ಣ ಲೆಕ್ಕ. ಚೌಕಾಕಾರದ ಒಂದು ಎಕರೆಯ ಒಂದು ಬದಿ ಸುಮಾರು 64 ಮೀಟರ್. 15 ಸೆಂಟಿಮೀಟರಿಗೆ ಒಂದರಂತೆ ನೆಟ್ಟರೆ 425 ಕಂದು ಸಾಕು. ಒಂದೊಂದು ಕಂದಿನಲ್ಲಿ ಎರಡು ಮೂರು ದಂಟು ಇರುವಂತೆ ಬೇರುಸಮೇತ ಸೀಳಿಕೊಳ್ಳಬೇಕು. ಚೆನ್ನಾಗಿ ಬೆಳೆದ ಒಂದು ಬುಡದಿಂದ ಇಪ್ಪತ್ತು ಮೂವತ್ತು ಕಂದು ಸಿಗುತ್ತವೆ. ಅಂದರೆ ಇಪ್ಪತ್ತು ಬುಡ ತಂದರೆ ಒಂದು ಎಕರೆಯ ಕೆಳಬದು ಮುಗಿಯಿತು. ನೂರು ಮೀಟರಿಗೆ ಎರಡು ಮೀಟರ್ ಇಳಿಯುವ ಸಾಧಾರಣ ಇಳಿಜಾರಿನಲ್ಲಿ 50 ಮೀಟರಿಗೊಂದು ಸಾಲು ಸಾಕಾಗುತ್ತದೆ. ಸಾಲು ಇಳಿಜಾರಿಗೆ ಅಡ್ಡವಾಗಿ, ಸಮಪಾತಳಿಯಲ್ಲಿ ಇರಬೇಕು.

ತಪ್ಪುವುದು ಸಾಮಾನ್ಯವಾಗಿ ಮೂರು ಕಡೆ. ಒಂದು, ನಡುವೆ ಸತ್ತ ಗಿಡಗಳ ಜಾಗ ಖಾಲಿ ಬಿಡುವುದು. ಆ ಕಿಂಡಿಯಲ್ಲಿ ನೀರೆಲ್ಲ ನುಗ್ಗಿ ಮೊದಲಿಗಿಂತ ದೊಡ್ಡ ಕೊರಕಲಾಗುತ್ತದೆ. ಮೊದಲ ಎರಡು ವರ್ಷ ಕಿಂಡಿ ಮುಚ್ಚುವುದೇ ಮುಖ್ಯ ಕೆಲಸ. ಇನ್ನೊಂದು, ನೆಟ್ಟ ವರ್ಷವೇ ದನ ಕುರಿ ಬಿಡುವುದು. ಮತ್ತೊಂದು ನೆರಳು. ಬಲಿತ ಲಾವಂಚ ಬರವನ್ನು, ಬೆಂಕಿಯನ್ನು, ಚೌಳು ಮಣ್ಣನ್ನೂ ತಡೆದುಕೊಳ್ಳುತ್ತದೆ, ನೆರಳನ್ನು ತಡೆಯಲಾರದು. ದಟ್ಟ ಮರಗಳ ಕೆಳಗೆ ನೆಟ್ಟು ಏಳಲಿಲ್ಲವೆಂದು ಬಯ್ಯಬಾರದು. ಕಂದು ತರುವಾಗ ತಳಿಯನ್ನೂ ವಿಚಾರಿಸಿ: ಉತ್ತರ ಭಾರತದ ಕಡೆ ಬೀಜ ಕಟ್ಟುವ ಲಾವಂಚವಿದೆ, ಬದುವಿಗೆ ಬೇಕಾದದ್ದು ಬೀಜವಾಗದ ನಮ್ಮ ದಕ್ಷಿಣದ್ದು.

ಕಳೆದ ಹಲವು ವರ್ಷಗಳಲ್ಲಿ ಉದ್ಯೋಗ ಖಾತ್ರಿಯ ಕೆಲಸವಾಗಿ ರಾಜ್ಯದ ಹಳ್ಳಿಹಳ್ಳಿಗಳ ಹೊಲಗಳಲ್ಲಿ ಕಂದಕ ಬದುಗಳನ್ನು ತೆಗೆಸಲಾಗಿದೆ. ಜನ ಬಿಸಿಲಲ್ಲಿ ಅಗೆದು, ಸಾರ್ವಜನಿಕ ಹಣ ಸುರಿದು ಕಟ್ಟಿದ ಬದುಗಳು ಅವು. ಎಷ್ಟೋ ಕಡೆ ಅವುಗಳ ಮೇಲೆ ಒಂದು ಹುಲ್ಲುಕಡ್ಡಿಯೂ ಇಲ್ಲ, ಒಂದೊಂದು ಮಳೆಗೂ ಇಳಿದು ಕಂದಕವನ್ನೇ ತುಂಬುತ್ತಿವೆ. ಔಷಧಿ ಸಸ್ಯಗಳಿಗೆ ಕೊಡುವ ಸಹಾಯಧನದ ಲೆಕ್ಕ ಹೆಕ್ಟೇರುಗಳಲ್ಲಿದೆ. ಬದುವಿನ ಉದ್ದಕ್ಕೆ ನೆಡುವವನಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ. ಮೀಟರ್ ಲೆಕ್ಕದಲ್ಲಿ ನೆರವು ಕೊಟ್ಟು, ಬದು ಕಟ್ಟುವ ಅಂದಾಜುಪಟ್ಟಿಯಲ್ಲೇ ಲಾವಂಚದ ಕಂದನ್ನೂ ಸೇರಿಸಿದರೆ ಆಗುವ ಹೆಚ್ಚಿನ ಖರ್ಚು ಬದುವಿನ ಖರ್ಚಿನ ಮುಂದೆ ಬಲು ಸಣ್ಣದು. ಕಂದು ಬೆಳೆಸುವ ಕೆಲಸವನ್ನು ಊರಿನ ಸ್ತ್ರೀಶಕ್ತಿ ಸಂಘಗಳಿಗೆ ಕೊಟ್ಟರೆ ಅವರಿಗೂ ನಾಲ್ಕು ಕಾಸು ಸಿಗುತ್ತದೆ. ಗ್ರಾಮಸಭೆಗೆ ಹೋಗುವ ಓದುಗರು ಇದನ್ನು ಒಂದು ಬೇಡಿಕೆಯಾಗಿ ಬರೆಸಬೇಕೆಂದು ಕೇಳಿಕೊಳ್ಳುತ್ತೇನೆ.

ಅದಕ್ಕೆ ಕಾಯಬೇಕಿಲ್ಲ ಎನ್ನುವವರು ಈ ಬೇಸಿಗೆಯಲ್ಲೇ ಊರ ಹಳ್ಳದ ದಂಡೆ, ಕೆರೆಯ ಕೋಡಿ, ಹಳೆಯ ಎಲ್ಲೆಗಳ ಮೇಲೆ ಲಾವಂಚದ ಬುಡ ಎಲ್ಲಿದೆ ಎಂದು ನೋಡಿಕೊಂಡಿರಿ. ಎರಡು ಹದ ಮಳೆ ಬಿದ್ದ ಮೇಲೆ ಅದರಲ್ಲಿ ಅರ್ಧ ಬುಡ ಅಲ್ಲೇ ಬಿಟ್ಟು, ಅರ್ಧ ಸೀಳಿ ತಂದು, ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ ಅದೇ ದಿನ ನೆಡಿ.